ಒನ್ಸ್‌ಮೋರ್ ಅಂದಾಗ, ಕರೆಂಟ್ ಹೋದಾಗ

ವಿಜಯಪುರ–ಕಲಬುರಗಿ ಹೆದ್ದಾರಿಯ ಕನ್ನೊಳ್ಳಿಯಿಂದ ಯಾವ ದಿಕ್ಕಿಗೆ ಹೊರಟರೂ ಬೇಸಿಗೆಯಲ್ಲಿ ಯಾವುದಾದರೊಂದು ಜಾತ್ರೆಯ ನಾಟಕದ ಪೋಸ್ಟರ್ ಕಣ್ಣಿಗೆ ಬೀಳುತ್ತದೆ. ಮೇಲೆ ನಾಟಕದ ಹೆಸರು, ನಡುವೆ ಪಾತ್ರಧಾರಿಗಳ ಫೋಟೊ, ಕೆಳಗೆ ಸಣ್ಣ ಅಕ್ಷರದಲ್ಲಿ ಸಂಗೀತದವರ ಸಾಲು: ಹಾರ್ಮೋನಿಯಂ, ತಬಲಾ, ಕ್ಯಾಸಿಯೋ, ರಿದಮ್ ಪ್ಯಾಡ್. ಕ್ಯಾಸಿಯೋ ಎಂದು ಅಚ್ಚಾಗಿದ್ದರೂ ಸ್ಟೇಜಿನ ಮಗ್ಗುಲಲ್ಲಿ ಕಾಣುವುದು ಹೆಚ್ಚಾಗಿ ಯಮಾಹಾ ಇಲ್ಲವೇ ರೋಲ್ಯಾಂಡ್. ಸ್ವಲ್ಪ ಗಟ್ಟಿ ಕುಳವಾದರೆ ಕೋರ್ಗ್.

ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದಲ್ಲಿ ನಾಟಕದ ಯಜಮಾನಿಕೆ ಇಂದಿಗೂ ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರದೇ. ತಾಲೀಮು ಹಿಡಿಯುವವರು ಅವರು, ಹಾಡು ಕೂಡಿಸುವವರು ಅವರು, ಮಾತು ಮರೆತವನಿಗೆ ಪರದೆಯ ಮರೆಯಿಂದ ಸಾಲು ಎತ್ತಿಕೊಡುವವರೂ ಎಷ್ಟೋ ಸಲ ಅವರೇ. ನಾಟಕಕಾರ ಕಂದಗಲ್ಲ ಹನುಮಂತರಾಯರ ಹೆಸರಿನ ರಂಗಮಂದಿರ ವಿಜಯಪುರದಲ್ಲಿದೆ. ಅವರು ಬರೆದಂಥ ಪೌರಾಣಿಕ ನಾಟಕಗಳಿಗೆ ಪೇಟಿ, ತಬಲಾ, ಕ್ಲಾರಿಯೊನೆಟ್ ಇದ್ದರೆ ರಾತ್ರಿ ಬೆಳಗಾಗುತ್ತಿತ್ತು. ಈಗ ಮಾಸ್ತರರ ಪಕ್ಕದಲ್ಲಿ ಕೀಬೋರ್ಡ್ ಕೂತಿದೆ. ಟೈಟಲ್ ಮ್ಯೂಸಿಕ್, ಖಳನಾಯಕ ಕಾಲಿಡುವಾಗಿನ ಗುಡುಗು, ತಾಯಿ ಸಾಯುವ ಸೀನಿನ ಶಹನಾಯಿ, ಹಾಡಿನ ಹಿಂದಿನ ಬೀಟು, ಎಲ್ಲವೂ ಅದರ ಪಾಲಿಗೆ ಬಂದಿವೆ.

ಹಾಗಾಗಿ ಕೀಬೋರ್ಡ್ ಕೊಳ್ಳುವ ಹುಡುಗರು ಕೇಳುವ ಪ್ರಶ್ನೆಯೂ ಬದಲಾಗಿದೆ. ಮೊದಲು ಟೋನ್ ಎಷ್ಟು ಅನ್ನುತ್ತಿದ್ದರು. ಈಗ ಯಾವುದರಲ್ಲಿ ಬೀಟು ಕೂಡಿಸುವುದು ಸುಲಭ, ಕೂಡಿಸಿದ್ದನ್ನು ಸೇವ್ ಮಾಡುವುದು ಸುಲಭ ಅನ್ನುತ್ತಾರೆ. ಅಂಗಡಿಯವರು ಇದಕ್ಕೆ ಪರದೆಯ ಅಳತೆ, ಟ್ರ್ಯಾಕಿನ ಲೆಕ್ಕ ಹೇಳಿ ಉತ್ತರ ಕೊಡುತ್ತಾರೆ. ಜಾತ್ರೆಯ ಸ್ಟೇಜಿನಲ್ಲಿ ಆ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಕೀಬೋರ್ಡನ್ನು ಅಳೆಯುವ ಗಳಿಗೆಗಳು ಎರಡೇ. ಒಂದು, ಮಂದಿ ಒನ್ಸ್‌ಮೋರ್ ಅಂದಾಗ. ಇನ್ನೊಂದು, ಕರೆಂಟ್ ಹೋದಾಗ.

ಕೀಬೋರ್ಡಿನಲ್ಲಿ ಬೀಟು ಕೂಡಿಸಿಡುವ ಸೀಕ್ವೆನ್ಸರ್ ಧ್ವನಿಯನ್ನು ಹಿಡಿದಿಡುವುದಿಲ್ಲ. ಯಾವ ಮನೆ ಒತ್ತಿದಿರಿ, ಎಷ್ಟು ಜೋರಾಗಿ ಒತ್ತಿದಿರಿ, ಎಷ್ಟು ಹೊತ್ತು ಹಿಡಿದಿರಿ ಎಂಬುದನ್ನಷ್ಟೇ ಬರೆದುಕೊಳ್ಳುತ್ತದೆ. ಜೋರಿಗೆ 1ರಿಂದ 127ರವರೆಗೆ ಅಂಕಿ. ಮರಳಿ ನುಡಿಸುವಾಗ ಆ ಬರಹವನ್ನು ಓದಿ, ಆ ಹೊತ್ತಿಗೆ ತನ್ನಲ್ಲಿರುವ ಟೋನಿನಿಂದ ಧ್ವನಿ ಹೊರಡಿಸುತ್ತದೆ. ಇದರಿಂದ ಲಾಭವೂ ಇದೆ, ತೊಡಕೂ ಇದೆ. ಬೀಟನ್ನು ಕರಿ ಎರಡರ ಶ್ರುತಿಯಿಂದ ಕರಿ ಒಂದಕ್ಕೆ ಇಳಿದ ಹಾಡಿನ ಹಿಂದೆಯೂ ಬಿಡಬಹುದು, ಲಯ ಏರಿಸಬಹುದು, ಇಳಿಸಬಹುದು, ತಬಲಾ ತೆಗೆದು ಢೋಲಕ್ ಹಾಕಬಹುದು. ತೊಡಕು ಏನೆಂಬುದು ಮುಂದೆ ಬರುತ್ತದೆ.

ಹೀಗೆ ಟೋನು, ಎಫೆಕ್ಟು, ತಾಳ, ಸೀಕ್ವೆನ್ಸರ್, ಮೆಮೊರಿ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿ ಕೊಟ್ಟದ್ದಕ್ಕೆ ವರ್ಕ್‌ಸ್ಟೇಷನ್ ಎಂಬ ಹೆಸರು ನಿಂತದ್ದು ಜಪಾನಿನ ಕೋರ್ಗ್ ಕಂಪನಿ 1988ರಲ್ಲಿ ತಂದ ಎಂ1ರಿಂದ. ಅದರಲ್ಲಿ 8 ಟ್ರ್ಯಾಕ್. ಹಿಡಿಸುತ್ತಿದ್ದದ್ದು 4,400 ಸ್ವರ. ಟೋನಿನ ಜಾಗ ಕಡಿಮೆ ಮಾಡಿಕೊಂಡರೆ 7,700. ಪರದೆಯೋ ಎರಡು ಸಾಲು, ಸಾಲಿಗೆ 40 ಅಕ್ಷರ. ಇಂದಿನವರು ನೋಡಿದರೆ ಇದರಲ್ಲಿ ಏನು ಮಾಡಲಾದೀತು ಅನ್ನಬಹುದು. ಆದರೂ ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಕೂತು ಕಟ್ಟುವ ದಾರಿಯನ್ನು ಸಾಮಾನ್ಯ ವಾದಕನ ಕೈಗೆ ಕೊಟ್ಟದ್ದು ಅದೇ.

ಮೊದಲಿನಿಂದ ಕೊನೆಯವರೆಗೆ. ಒನ್ಸ್‌ಮೋರ್ ತೊಂದರೆ ಕೊಡುವುದು ಇಲ್ಲೇ. ಎಂ1 ಮಾದರಿಯ ಸೀಕ್ವೆನ್ಸರ್‌ನಲ್ಲಿ ಹಾಡು ಉದ್ದಕ್ಕೆ ಹರಿಯುತ್ತದೆ: ಮುಖಡಾ, ಬಿಜಿಎಂ, ಚರಣ, ಮತ್ತೆ ಮುಖಡಾ. ರೆಕಾರ್ಡಿಂಗ್ ಸ್ಟುಡಿಯೋಗೆ ಅದು ಸರಿ. ನಮ್ಮ ನಾಟಕದ ಹಾಡು ಹಾಗೆ ನಡೆಯುವುದಿಲ್ಲ. ನಾಯಕಿ ಒಂದು ಸಾಲನ್ನು ಎರಡು ಸಲ ಅನ್ನಬೇಕಾದಲ್ಲಿ ನಾಲ್ಕು ಸಲ ಅನ್ನುತ್ತಾಳೆ, ಯಾಕೆಂದರೆ ಎದುರಿಗೆ ಯಾರೋ ನೋಟು ಹಿಡಿದು ಸ್ಟೇಜ್ ಹತ್ತುತ್ತಿದ್ದಾರೆ. ಆಯೇರಿ ಮಾಡಿದವರ ಹೆಸರನ್ನು ಮೈಕಿನಲ್ಲಿ ಕೂಗುವವರೆಗೂ ಬೀಟು ತಿರುಗುತ್ತಲೇ ಇರಬೇಕು. ಆಗ ಪ್ಯಾಡಿನವನಿಗೂ ಕೀಬೋರ್ಡಿನವನಿಗೂ ನಡೆಯುವ ಮಾತು ಇಷ್ಟೇ:

“ಅಣ್ಣಾ, ಹೊಳ್ಳಿ ಅದ ಬೀಟ್ ಬಿಡು, ಮಂದಿ ಒನ್ಸ್‌ಮೋರ್ ಅನ್ನಾಕತ್ತಾರ.”

“ತಡಿಯೋ ತಮ್ಮಾ, ಇದು ಚರಣಕ್ಕ ಹೋಗಿಬಿಟ್ಟೈತಿ.”

ಉದ್ದಕ್ಕೆ ಹರಿಯುವ ಸೀಕ್ವೆನ್ಸರ್ ಇಟ್ಟುಕೊಂಡವನು ಇಲ್ಲಿ ಸೋಲುತ್ತಾನೆ, ಅವನ ಕೀಬೋರ್ಡಿಗೆ ಎಷ್ಟೇ ಬೆಲೆ ಇರಲಿ. ಗೆಲ್ಲುವುದು ತುಂಡು ತುಂಡಾಗಿ ಕೂಡಿಸಿಟ್ಟು ಬೇಕಾದ ತುಂಡನ್ನು ಬೇಕಾದಷ್ಟು ಸಲ ತಿರುಗಿಸುವ ಪ್ಯಾಟರ್ನ್ ಪದ್ಧತಿ. ಕಂಪನಿಗಳು ಇದನ್ನು ಬೇರೆ ಬೇರೆ ರೀತಿಯಲ್ಲಿ ಕೊಟ್ಟಿವೆ. 1999ರ ಕೋರ್ಗ್ ಟ್ರೈಟನ್‌ನಲ್ಲಿ ಆರ್‌ಪಿಪಿಆರ್ ಎಂಬ ಸೌಲಭ್ಯವಿತ್ತು: ಒಂದೊಂದು ಮನೆಗೆ ಒಂದೊಂದು ಪ್ಯಾಟರ್ನ್ ಅಂಟಿಸಿಟ್ಟರೆ, ಎಡಗೈಯ ಒಂದು ಬೆರಳಿನಿಂದ ಬೀಟು ಎಬ್ಬಿಸಿ ಬಲಗೈಯಲ್ಲಿ ಹಾಡು ನುಡಿಸಬಹುದು. ನಾಟಕದವರಿಗೆಂದೇ ಮಾಡಿದಂತಿದೆ, ಆದರೆ ಅಂಟಿಸಿಡುವ ಕೆಲಸ ಒಳಗಿನ ಪುಟದಲ್ಲಿದೆ. ಕೊಂಡವರಲ್ಲಿ ಎಷ್ಟೋ ಮಂದಿ ಅಲ್ಲಿಯವರೆಗೆ ಹೋಗಲೇ ಇಲ್ಲ. ಯಮಾಹಾ ಮೋಟಿಫ್ ಸಾಲಿನಲ್ಲಿ ಪ್ಯಾಟರ್ನ್ ಮೋಡ್ ಬೇರೆಯೇ ಇದೆ. 2003ರ ಮೋಟಿಫ್ ಇಎಸ್‌ನಲ್ಲಿ ಒಂದು ಪ್ಯಾಟರ್ನಿಗೆ 16 ಸೆಕ್ಷನ್. ಒಂದರಲ್ಲಿ ಮುಖಡಾ, ಇನ್ನೊಂದರಲ್ಲಿ ಚರಣ, ಮತ್ತೊಂದರಲ್ಲಿ ಬಿಜಿಎಂ ಇಟ್ಟರೆ ತಾಳ ತಪ್ಪದಂತೆ ಒಂದರಿಂದ ಇನ್ನೊಂದಕ್ಕೆ ಜಿಗಿಯಬಹುದು. ನನ್ನ ಲೆಕ್ಕದಲ್ಲಿ ನಮ್ಮ ಸ್ಟೇಜಿಗೆ ಇಷ್ಟು ಹೊಂದುವ ಏರ್ಪಾಡು ಆ ಕಾಲದ ಬೇರೆ ಯಾವುದರಲ್ಲೂ ಇರಲಿಲ್ಲ.

ಹೊಸದು ಬಂದಂತೆಲ್ಲ ಸುಲಭವಾಗುತ್ತದೆ ಎಂದು ನಂಬುವವರು ಯಮಾಹಾದ್ದೇ ಮುಂದಿನ ಕತೆ ನೋಡಬೇಕು. 2016ರಲ್ಲಿ ಬಂದ ಮೊಂಟಾಜ್‌ನಲ್ಲಿ ಮೋಟಿಫ್‌ನ ಆ ಪ್ಯಾಟರ್ನ್ ಪದ್ಧತಿಯನ್ನೇ ಕೈಬಿಟ್ಟಿದ್ದರು. ನುಡಿಸಿದ್ದನ್ನು ಉದ್ದಕ್ಕೆ ಬರೆದುಕೊಳ್ಳುವ ಸರಳ ರೆಕಾರ್ಡರ್ ಅಷ್ಟೇ ಉಳಿದಿತ್ತು. ಪ್ಯಾಟರ್ನ್ ಸೀಕ್ವೆನ್ಸರ್ ಮರಳಿ ಬಂದದ್ದು 2019ರಲ್ಲಿ, 3.0 ಆವೃತ್ತಿಯ ಸಾಫ್ಟ್‌ವೇರಿನೊಂದಿಗೆ. ರೋಲ್ಯಾಂಡಿನದು ಇನ್ನೊಂದು ದಾರಿ. ನಮ್ಮ ಕಡೆ ಈಗ ಹೆಚ್ಚು ಕಾಣುವ ಎಕ್ಸ್‌ಪಿಎಸ್ ಸಾಲಿನ 10ರಲ್ಲಿ ಭಾರತೀಯ ಟೋನುಗಳಿವೆ, ನಾವೇ ತಂದ ಸ್ಯಾಂಪಲ್ ತುಂಬಬಹುದು. 30ರಲ್ಲಿ 8 ಟ್ರ್ಯಾಕಿನ ಪ್ಯಾಟರ್ನ್ ಸೀಕ್ವೆನ್ಸರ್ ಇದೆ. ಅದು ಸುತ್ತುತ್ತಿರುವಾಗಲೇ ಮೇಲೆ ಮೇಲೆ ನುಡಿಸುತ್ತ ಹೋಗಬಹುದು, ನಿಲ್ಲಿಸಬೇಕಿಲ್ಲ. ಮೊದಲ ಸುತ್ತಿನಲ್ಲಿ ಢೋಲಕ್, ಎರಡನೆಯದರಲ್ಲಿ ತಾಳ, ಮೂರನೆಯದರಲ್ಲಿ ಬೇಸ್. ಪ್ಯಾಡ್ ಬಾರಿಸಿ ರೂಢಿಯಾದ ಕೈಗೆ ಇದು ಕಲಿಸದೆಯೇ ಬರುತ್ತದೆ.

ಇನ್ನು ಪಿಎಸ್‌ಆರ್–ಐ ಸಾಲಿನ ಯಮಾಹಾ. ಅದು ವರ್ಕ್‌ಸ್ಟೇಷನ್ ಅಲ್ಲ, ಸ್ಟೈಲ್ ಕೀಬೋರ್ಡು. ಭಜನಿ ಮೇಳಗಳಲ್ಲಿ ಅದೇ ಹೆಚ್ಚು, ಅದಕ್ಕೆ ಕಾರಣವೂ ಗಟ್ಟಿಯಾಗಿದೆ. ಸ್ಟೈಲ್ ತಾನಾಗಿ ನಿಲ್ಲುವುದಿಲ್ಲ. ಎಂಡಿಂಗ್ ಒತ್ತುವವರೆಗೂ ತಿರುಗುತ್ತದೆ. ಕಡಕೋಳ ಮಡಿವಾಳಪ್ಪನವರ ಒಂದು ತತ್ವಪದವನ್ನು ಬೆಳಗಿನ ಜಾವ ಎಷ್ಟು ಹೊತ್ತು ಎಳೆದರೂ ಅದು ಜೊತೆಗಿರುತ್ತದೆ. ಒನ್ಸ್‌ಮೋರ್ ಅದಕ್ಕೆ ಪ್ರಶ್ನೆಯೇ ಅಲ್ಲ. ಕೊರತೆ ಇರುವುದು ಬೀಟು ನಮ್ಮದಾಗದಿರುವುದರಲ್ಲಿ. ದೀಪಚಂದಿಯ 14 ಮಾತ್ರೆ ಬೇಕೆಂದರೆ, ನಮ್ಮೂರ ಹಲಗಿಯ ಓಟ ಬೇಕೆಂದರೆ ಕಾರ್ಖಾನೆಯವರು ಇಟ್ಟದ್ದರಲ್ಲಿ ಅದು ಸಿಗದಿರಬಹುದು.

ಹಲಗಿಯ ಮಾತು ಬಂತು, ಇದೊಂದನ್ನು ಹೇಳಲೇಬೇಕು. ಸೀಕ್ವೆನ್ಸರ್‌ಗಳಲ್ಲಿ ಕ್ವಾಂಟೈಜ್ ಎಂಬ ಬಟನ್ ಇದೆ. ಹಿಂದೆ ಮುಂದೆ ಬಿದ್ದ ಪೆಟ್ಟುಗಳನ್ನು ಅದು ಗೆರೆಗೆ ತಂದು ನಿಲ್ಲಿಸುತ್ತದೆ. ಕೈ ಪಳಗದವನಿಗೆ ಇದು ವರ. ಆದರೆ ಡೊಳ್ಳು, ಹಲಗಿ, ಮೊಹರಮ್ಮಿನ ಹೆಜ್ಜೆಯ ಬಡಿತ ಗೆರೆಯ ಮೇಲೆ ಬೀಳುವುದಿಲ್ಲ. ಸ್ವಲ್ಪ ಹಿಂದೆ ಜಗ್ಗಿ ಬಿದ್ದರೇನೇ ಕಾಲು ಕುಣಿಯುತ್ತದೆ. ಎಂ1 ಒಂದು ಮಾತ್ರೆಯನ್ನು 48 ಭಾಗ ಮಾಡುತ್ತಿತ್ತು, ಟ್ರೈಟನ್ 192, ಮೋಟಿಫ್ 480. ಭಾಗ ಹೆಚ್ಚಿದಷ್ಟೂ ಆ ಜಗ್ಗುವಿಕೆ ನುಡಿಸಿದ ಹಾಗೇ ಉಳಿಯುತ್ತದೆ. ಕ್ವಾಂಟೈಜ್ ಆಫ್ ಮಾಡಿ, ತಪ್ಪಿದರೆ ಇನ್ನೊಮ್ಮೆ ಬಾರಿಸಿ ಎಂದು ಕಲಿಯುವವರಿಗೆಲ್ಲ ಹೇಳುತ್ತೇನೆ. ಯೂಟ್ಯೂಬಿಗೆ ಬರುವ ಉತ್ತರ ಕರ್ನಾಟಕದ ಜಾನಪದ ಹಾಡುಗಳಲ್ಲಿ ಎಷ್ಟೋ ಹಾಡು ಒಂದೇ ಅಚ್ಚಿನಲ್ಲಿ ಕೇಳಿಸುವುದಕ್ಕೆ ಈ ಬಟನ್‌ನ ಅತಿಬಳಕೆಯೂ ಒಂದು ಕಾರಣ. ಇದು ನನಗೆ ಸಂಕಟದ ವಿಷಯ.

ಈಗ ಎರಡನೆಯ ಗಳಿಗೆ. ಹಗಲೆಲ್ಲ ಕೂತು ಮೂರು ಹಾಡಿಗೆ ಬೀಟು ಕೂಡಿಸಿದ್ದೀರಿ. ಸಂಜೆ ಕರೆಂಟ್ ಹೋಯಿತು. ಜನರೇಟರ್ ಹಗ್ಗ ಜಗ್ಗಿ ಲೈಟು ಬರುವಷ್ಟರಲ್ಲಿ ಕೀಬೋರ್ಡ್ ಆರಿ ಹೊತ್ತಿದೆ. ಕೂಡಿಸಿದ್ದು ಇದೆಯೋ ಇಲ್ಲವೋ?

1988ರ ಎಂ1ರಲ್ಲಿ ಇರುತ್ತಿತ್ತು. ಒಳಗೆ ನಾಣ್ಯದಾಕಾರದ ಲಿಥಿಯಂ ಸೆಲ್ ಒಂದು ಮೆಮೊರಿಗೆ ಸದಾ ವಿದ್ಯುತ್ ಕೊಡುತ್ತಿತ್ತು. ಸೆಲ್ ಸಾಯುವವರೆಗೆ ಹಾಡು ಜೀವಂತ. ಹನ್ನೊಂದು ವರ್ಷ ಕಳೆದು ಬಂದ ಟ್ರೈಟನ್‌ನಲ್ಲಿ 2,00,000 ಸ್ವರ, 200 ಹಾಡು, 16 ಟ್ರ್ಯಾಕ್, ಬೆರಳು ತಾಗಿಸುವ ಪರದೆ. ಆದರೆ ಸ್ವಿಚ್ ಆರಿದರೆ ಹಾಡು ಹೋಯಿತು. ಹಾಡುಗಳನ್ನು ವಿದ್ಯುತ್ ಇರುವವರೆಗಷ್ಟೇ ನಿಲ್ಲುವ ರ‍್ಯಾಮ್‌ನಲ್ಲಿ ಇಟ್ಟರು, ಉಳಿಸುವ ಜವಾಬ್ದಾರಿ ನುಡಿಸುವವನ ಮೇಲೆ ಬಿತ್ತು. ಮೋಟಿಫ್‌ನಲ್ಲಿಯೂ ಹಾಗೆಯೇ. 

ಹೊಸಬರು ಹೆಚ್ಚಾಗಿ ಎಡವುವ ಜಾಗ ಇನ್ನೊಂದಿದೆ. ಈ ಯಂತ್ರಗಳಲ್ಲಿ ಉಳಿಸುವ ಬಾಗಿಲು ಎರಡು. ಕೋರ್ಗ್‌ನಲ್ಲಿ ರೈಟ್ ಒತ್ತಿದರೆ ನೀವು ತಿದ್ದಿದ ಟೋನು ಒಳಗಿನ ಮೆಮೊರಿಗೆ ಹೋಗುತ್ತದೆ; ಯಮಾಹಾದಲ್ಲಿ ಅದಕ್ಕೆ ಸ್ಟೋರ್ ಎಂದು ಹೆಸರು. ಹಾಡು ಆ ಬಾಗಿಲಿನಿಂದ ಒಳಗೆ ಹೋಗುವುದೇ ಇಲ್ಲ. ಅದಕ್ಕೆ ಸೇವ್ ಬೇಕು, ಸೇವ್‌ಗೆ ಹೊರಗಿನ ಡಿಸ್ಕು ಬೇಕು. ಟೋನ್ ರೈಟ್ ಮಾಡಿ, ಪರದೆಯ ಮೇಲೆ ಕೆಲಸ ಮುಗಿಯಿತೆಂಬ ಸಂದೇಶ ನೋಡಿ, ನೆಮ್ಮದಿಯಿಂದ ಸ್ವಿಚ್ ಆರಿಸಿದವನಿಗೆ ಮರುದಿನ ಟೋನು ಸಿಗುತ್ತದೆ, ಹಾಡು ಸಿಗುವುದಿಲ್ಲ. ಅದು ಅವನ ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಹಾಡು ಉಳಿದಿಲ್ಲ ಎಂದು ಯಂತ್ರವೇ ಎಚ್ಚರಿಸಬೇಕಿತ್ತು.

ಟ್ರೈಟನ್‌ನಲ್ಲಿ ಸೇವ್ ಮಾಡುವ ಕೈಕೆಲಸ ಹೀಗಿದೆ: ಡಿಸ್ಕ್ ಬಟನ್ ಒತ್ತಬೇಕು, ಸೇವ್ ಪುಟ ಮುಟ್ಟಬೇಕು, ಮೇಲಿನ ಮೂಲೆಯ ಪುಟ್ಟ ಮೆನು ತೆರೆಯಬೇಕು, ಸೇವ್ ಆಲ್ ಆರಿಸಬೇಕು, ಹೆಸರು ಬರೆಯಬೇಕು, ಓಕೆ. ಆಮೇಲೆ ಫ್ಲಾಪಿ ಕರಕರ ತಿರುಗುವುದನ್ನು ಕಾಯಬೇಕು. ಸೇವ್ ಆಲ್ ಬಿಟ್ಟು ಬರೀ ಹಾಡನ್ನು ಉಳಿಸಿದರೆ ಎಸ್‌ಎನ್‌ಜಿ ಎಂಬ ಕಡತವಷ್ಟೇ ಆಗುತ್ತದೆ. ಟೋನುಗಳ ಪಿಸಿಜಿ ಬೇರೆ, ಸ್ಯಾಂಪಲ್‌ಗಳ ಕೆಎಸ್‌ಸಿ ಬೇರೆ. ಹಾಡಿನ ಕಡತದಲ್ಲಿ ಇಂಥ ಬ್ಯಾಂಕಿನ ಇಂಥ ನಂಬರಿನ ಟೋನ್ ಎಂದು ಬರೆದಿರುತ್ತದೆಯೇ ಹೊರತು ಟೋನ್ ಇರುವುದಿಲ್ಲ. ಅದನ್ನು ಇನ್ನೊಬ್ಬರ ಟ್ರೈಟನ್‌ಗೆ ಹಾಕಿದಾಗ ಆ ನಂಬರಿನಲ್ಲಿ ಅವರು ಬೇರೆ ಟೋನ್ ಇಟ್ಟಿದ್ದರೆ ಕೊಳಲಿನ ಜಾಗದಲ್ಲಿ ಕಹಳೆ ಕೂಗುತ್ತದೆ. ಮೊದಲು ಹೇಳಿದ ತೊಡಕು ಇದೇ. ನಾಟಕದವರು ಮನೆಯ ಕೀಬೋರ್ಡಿನಲ್ಲಿ ತಾಲೀಮು ಮಾಡಿ ಜಾತ್ರೆಗೆ ಬಾಡಿಗೆಯದನ್ನು ತರಿಸುವುದುಂಟು; ಅಂಥವರಿಗೆ ಇದು ಸಣ್ಣ ತೊಡಕಲ್ಲ.

ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸಲು ಸ್ಟ್ಯಾಂಡರ್ಡ್ ಮಿಡಿ ಫೈಲ್ ಇದೆ. ಹೆಚ್ಚಿನ ಯಂತ್ರಗಳು ಅದನ್ನು ಓದುತ್ತವೆ. 1991ರಲ್ಲಿ ಕಂಪನಿಗಳು ಸೇರಿ ಜನರಲ್ ಮಿಡಿ ಎಂದು 128 ಟೋನುಗಳ ಒಂದು ಪಟ್ಟಿಗೆ ಒಪ್ಪಿದವು. ಅದರಲ್ಲಿ 105ನೆಯದು ಸಿತಾರ, 112ನೆಯದು ಶಹನಾಯಿ. ತಬಲಾ ಇಲ್ಲ, ಢೋಲಕ್ ಇಲ್ಲ, ಪೇಟಿಯೂ ಇಲ್ಲ. ಹಾಗಾಗಿ ನಮ್ಮ ಬೀಟನ್ನು ಆ ದಾರಿಯಲ್ಲಿ ಸಾಗಿಸಿದರೆ ಪೆಟ್ಟು ಸರಿಯಾದ ಹೊತ್ತಿಗೇ ಬೀಳುತ್ತದೆ, ಢೋಲಕ್ ಬಾರಿಸಿದಲ್ಲಿ ಕಾಂಗೋ ನುಡಿಯುತ್ತದೆ.

ಉಳಿಸುವ ಸುಲಭದಲ್ಲಿ ಈಚಿನ ಯಂತ್ರಗಳು ನಿಜಕ್ಕೂ ಮುಂದೆ ಬಂದಿವೆ ಎಂದು ಒಪ್ಪಬೇಕು. 2019ರ ರೋಲ್ಯಾಂಡ್ ಫ್ಯಾಂಟಮ್‌ನಲ್ಲಿ ಸೀನ್ ಎಂಬ ಒಂದೇ ಗಂಟಿನಲ್ಲಿ ಟೋನು, ಎಫೆಕ್ಟು, ಸೀಕ್ವೆನ್ಸ್ ಎಲ್ಲವೂ ಇವೆ. ಸೀನನ್ನು ರೈಟ್ ಮಾಡಿದರೆ ಎಲ್ಲವೂ ಒಟ್ಟಿಗೆ ಉಳಿಯುತ್ತವೆ. ಕೋರ್ಗ್ ಕೂಡ ಎಂ3, ಕ್ರೋನೋಸ್‌ಗಳಲ್ಲಿ ಒಂದು ಒಳ್ಳೆಯ ದಾರಿ ಮಾಡಿತು: ಕೈಗೆ ಬಂದ ಟೋನ್ ನುಡಿಸುತ್ತಿರುವಾಗಲೇ ಎಂಟರ್ ಹಿಡಿದು ರೆಕಾರ್ಡ್ ಒತ್ತಿದರೆ, ಆ ಟೋನಿನ ಜೋಡಣೆಯೆಲ್ಲ ತಾನಾಗಿ ಹೊಸ ಹಾಡಿನ ಟ್ರ್ಯಾಕುಗಳಿಗೆ ಬಂದು ಕೂರುತ್ತದೆ. ಆದರೆ 2011ರ ಕ್ರೋನೋಸ್‌ನಲ್ಲಿಯೂ ಹಾಡನ್ನು ಡಿಸ್ಕಿಗೆ ಸೇವ್ ಮಾಡದೆ ಆರಿಸಿದರೆ ಹೋದಂತೆಯೇ. ಅದು ಆನ್ ಆಗುವುದಕ್ಕೂ ಎರಡು ನಿಮಿಷ ಮೀರಿ ಬೇಕು, ಯಾಕೆಂದರೆ ಒಳಗಿರುವುದು ಪೂರ್ತಿ ಕಂಪ್ಯೂಟರ್. ನಾಯಕ ಹಾಡಿನ ನಡುವೆ ನಿಂತಿರುವಾಗ ಎರಡು ನಿಮಿಷವೆಂದರೆ ಎಷ್ಟು ಉದ್ದ ಎಂಬುದು ಸ್ಟೇಜ್ ಹತ್ತಿದವರಿಗೇ ಗೊತ್ತು. ಆ ಎರಡು ನಿಮಿಷವನ್ನು ಕಾಯುವವರು ಪೇಟಿ ಮಾಸ್ತರರು. ಪೇಟಿಗೆ ಕರೆಂಟ್ ಬೇಡ.

ಲೈಟು ಬಂದ ಮೇಲೆ ಇನ್ನೊಂದು ತೊಂದರೆ. ಹಲವು ಕೀಬೋರ್ಡುಗಳು ಆನ್ ಆದೊಡನೆ ಟ್ರಾನ್ಸ್‌ಪೋಸನ್ನು ಸೊನ್ನೆಗೆ ತಂದಿಟ್ಟಿರುತ್ತವೆ. ಹಾಡುತ್ತಿದ್ದದ್ದು ಕರಿ ಎರಡರಲ್ಲಿ; ಗಡಿಬಿಡಿಯಲ್ಲಿ ಕೈ ಇಟ್ಟರೆ ಸ್ವರ ಎತ್ತಲೋ ಹೋಗುತ್ತದೆ. ಪಿಎಸ್‌ಆರ್‌ನ ರಿಜಿಸ್ಟ್ರೇಷನ್ ಮೆಮೊರಿ ಇದಕ್ಕೆ ಒಳ್ಳೆಯ ಮದ್ದು. ಟೋನು, ಸ್ಟೈಲು, ಲಯ, ಟ್ರಾನ್ಸ್‌ಪೋಸ್ ನಾಲ್ಕನ್ನೂ ಒಂದು ಬಟನ್‌ಗೆ ಹಾಕಿಟ್ಟರೆ ಒಂದೇ ಒತ್ತಿಗೆ ಮರಳಿ ಬರುತ್ತವೆ. ಬ್ಯಾಟರಿ ಸೆಲ್ಲಿನ ಮೇಲೆ ನಡೆಯುವ ಕೀಬೋರ್ಡುಗಳೂ ಇವೆ: ಕೋರ್ಗ್ ಕ್ರಾಸ್‌ಗೆ 6 ಪೆನ್ಸಿಲ್ ಸೆಲ್, ರೋಲ್ಯಾಂಡ್ ಜೂನೋ ಡಿಎಸ್‌61ಕ್ಕೆ 8. ಹಳ್ಳಿ ಸ್ಟೇಜಿಗೆ ಇದನ್ನು ನಾನು ಹೊಸ ಟೋನುಗಳಿಗಿಂತ ದೊಡ್ಡ ಗುಣವೆಂದು ಎಣಿಸುತ್ತೇನೆ.

ಕರೆಂಟ್ ಹೋಗದೆಯೂ ಆರುವ ಸಂಭವವಿದೆ. ವಿದ್ಯುತ್ ಉಳಿತಾಯಕ್ಕೆಂದು ಈಚಿನ ಕೀಬೋರ್ಡುಗಳಲ್ಲಿ ಆಟೋ ಪವರ್ ಆಫ್ ಇಟ್ಟಿದ್ದಾರೆ. ಯಮಾಹಾ ಪಿಎಸ್‌ಆರ್ ಸಾಲಿನ ಹಲವು ಮಾದರಿಗಳು 30 ನಿಮಿಷ ಯಾರೂ ಮುಟ್ಟದಿದ್ದರೆ ತಾವೇ ಆರುತ್ತವೆ. ಹಾಸ್ಯದ ಸೀನು ಎಳೆದು ಅರ್ಧ ತಾಸಾದರೆ ಕೆಲಸ ಕೆಟ್ಟಂತೆ. ಎಡತುದಿಯ ಮೊದಲ ಮನೆಯನ್ನು ಒತ್ತಿ ಹಿಡಿದು ಸ್ವಿಚ್ ಹಾಕಿದರೆ ಈ ಏರ್ಪಾಡು ರದ್ದಾಗುತ್ತದೆ.

ಸುಲಭದ ಮಾತಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯದವರು ಕಣ್ಣು ಕಾಣದ ವಾದಕರು. ನಮ್ಮ ಸೀಮೆಯಲ್ಲಿ ಅವರ ಸಂಖ್ಯೆ ಕಡಿಮೆಯಲ್ಲ, ಯಾಕೆಂದರೆ ಗದಗಿನ ವೀರೇಶ್ವರ ಪುಣ್ಯಾಶ್ರಮವಿದೆ. ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಸ್ವತಃ ಅಂಧರಾಗಿದ್ದು ನೂರಾರು ಅಂಧ ಮಕ್ಕಳಿಗೆ ಸಂಗೀತದ ಅನ್ನ ಕೊಟ್ಟವರು. ಅಲ್ಲಿ ಕಲಿತವರ ಪೇಟಿ, ತಬಲಾ ಊರೂರಲ್ಲಿ ನುಡಿಯುತ್ತಿವೆ. ಅಂಥ ವಾದಕ ಬಟನ್‌ಗಳ ಜಾಗವನ್ನು ಬೆರಳಿನಲ್ಲಿ ನೆನಪಿಟ್ಟುಕೊಳ್ಳುತ್ತಾನೆ: ಮೇಲಿನ ಸಾಲಿನ ಮೂರನೆಯದು, ಕೆಳಗಿನ ಸಾಲಿನ ಐದನೆಯದು. ಮೋಟಿಫ್‌ನ ಪರದೆಯ ಕೆಳಗೆ ಎಫ್1ರಿಂದ ಎಫ್6ರವರೆಗೆ ಉಬ್ಬಿದ ಬಟನ್‌ಗಳಿದ್ದವು. ಎಣಿಸಿ ಒತ್ತಿದರೆ ಸೇವ್ ಪುಟದವರೆಗೂ ಹೋಗಬಹುದಿತ್ತು. ಟ್ರೈಟನ್‌ನ, ಮೊಂಟಾಜ್‌ನ, ಹೊಸ ಫ್ಯಾಂಟಮ್‌ನ ನುಣ್ಣಗಿನ ಗಾಜಿನ ಮೇಲೆ ಬೆರಳಿಗೆ ಗುರುತೇ ಸಿಗುವುದಿಲ್ಲ. ಕಣ್ಣಿದ್ದವರಿಗೆ ಒಂದು ಹೆಜ್ಜೆ ಸುಲಭವಾದದ್ದು ಅವರಿಗೆ ಪೂರ್ತಿ ಮುಚ್ಚಿಹೋಗಿದೆ. ಪರದೆಯಲ್ಲಿರುವುದನ್ನು ಓದಿ ಹೇಳುವ ದನಿ ಮೊಬೈಲಿನಲ್ಲಿ ಎಂದೋ ಬಂದಿದೆ. ಲಕ್ಷಗಟ್ಟಲೆ ಬೆಲೆಯ ಕೀಬೋರ್ಡಿನಲ್ಲಿ ಅದು ಇರಲೇಬೇಕು.

ಹಳೆಯದನ್ನು ಕೊಳ್ಳುವವರಿಗೆ ಒಂದು ಮಾತು. ಫ್ಲಾಪಿ ಇರುವ ಟ್ರೈಟನ್, ಸ್ಮಾರ್ಟ್‌ಮೀಡಿಯಾ ಕಾರ್ಡಿನ ಮೊದಲ ಮೋಟಿಫ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೆ ಟೋನಿಗೆ ಮರುಳಾಗುವುದು ಸಹಜ. ಸೋನಿ ಕಂಪನಿ 2011ರಲ್ಲಿ ಫ್ಲಾಪಿ ನಿಲ್ಲಿಸಿತು, ಸ್ಮಾರ್ಟ್‌ಮೀಡಿಯಾ ಅದಕ್ಕೂ ಮೊದಲೇ ಮೂಲೆಗೆ ಸರಿದಿತ್ತು. ಫ್ಲಾಪಿಯ ಜಾಗದಲ್ಲಿ ಪೆನ್‌ಡ್ರೈವ್ ಓದುವ ಎಮ್ಯುಲೇಟರ್ ಕೂಡಿಸಿದ್ದಾರೆಯೇ, ಕಾರ್ಡ್ ಜೊತೆಗೇ ಕೊಡುತ್ತಾರೆಯೇ ಎಂದು ಮೊದಲು ಕೇಳಬೇಕು. ಆಮೇಲೆ ಅಂಗಡಿಯಲ್ಲೇ 4 ಬಾರ್ ನುಡಿಸಿ, ರೆಕಾರ್ಡ್ ಮಾಡಿ, ಸೇವ್ ಮಾಡಿ, ಗೋಡೆಯ ಪ್ಲಗ್ ಕಿತ್ತುಬಿಡಿ. ಮತ್ತೆ ಚುಚ್ಚಿ, ಲೋಡ್ ಮಾಡಿ, ಆ 4 ಬಾರ್ ಅದೇ ಟೋನಿನಲ್ಲಿ, ಅದೇ ಲಯದಲ್ಲಿ ಕೇಳಿದ ಮೇಲೆಯೇ ಬೆಲೆ ಮಾತಾಡಿ.